ತಾರಸಿಗೆ ಯಾವ ಟೊಮೆಟೊ? ಮೊದಲು ತಿಂಗಳು ನೋಡಿ, ಆಮೇಲೆ ತಳಿ

ಪ್ರಶ್ನೆ: ನಮಸ್ಕಾರ ಸರ್. ನಾವಿರುವುದು ಬೆಂಗಳೂರಿನ ವಿದ್ಯಾರಣ್ಯಪುರದಲ್ಲಿ. ತಾರಸಿಯಲ್ಲಿ ಎಂಟು ಗ್ರೋ ಬ್ಯಾಗ್ ಇವೆ, ಎಲ್ಲ 12 ಇಂಚು ಅಗಲ, 12 ಇಂಚು ಎತ್ತರ. ಈ ವರ್ಷ ಫೆಬ್ರುವರಿಯಲ್ಲಿ ಬ್ರ್ಯಾಂಡಿವೈನ್, ಚೆರೋಕೀ ಪರ್ಪಲ್ ಅಂತ ವಿದೇಶಿ ಟೊಮೆಟೊ ಬೀಜ ತರಿಸಿ ಹಾಕಿದೆ. ಗಿಡ ನನ್ನೆತ್ತರ ಬಂತು. ಹೂವೆಲ್ಲ ಉದುರಿತು. ಆಮೇಲೆ ಎಲೆ ಮುದುಡಿಕೊಂಡು ಬೆಳವಣಿಗೆಯೇ ನಿಂತಿತು. ಒಂದು ಹಣ್ಣೂ ಕೈಗೆ ಬರಲಿಲ್ಲ. ಹೋದ ವರ್ಷ ಅಂಗಡಿಯಿಂದ ತಂದ ಒಳ್ಳೆ ಟೊಮೆಟೊ ಹಿಂಡಿ ಆ ಬೀಜ ಹಾಕಿದ್ದೆ. ಒಂದೊಂದು ಗಿಡದಲ್ಲಿ ಒಂದೊಂದು ಥರ ಕಾಯಿ ಬಿಟ್ಟಿತು. ಪುತ್ತೂರಿನ ಹತ್ತಿರ ಅಮ್ಮನ ಮನೆ. ಅಲ್ಲಿ ನೆಲದಲ್ಲಿ ಹಾಕಿದ ಗಿಡ ಹಸಿರಾಗಿರುವಾಗಲೇ ಎರಡು ಮೂರು ದಿನದಲ್ಲಿ ಜೋತುಬಿದ್ದು ಸಾಯುತ್ತದೆ. ನನಗೆ ಸಾರಿಗೆ ಹುಳಿ ಇರುವ ನಾಟಿ ಟೊಮೆಟೊ ಬೇಕು. ಮಗಳಿಗೆ ಹಾಗೇ ಕಿತ್ತು ತಿನ್ನುವಂಥದ್ದು ಬೇಕು. ಯಾವ ತಳಿ ಹಾಕಲಿ? ಈಗ ಜೂನ್, ಈಗಲೇ ಹಾಕಬಹುದಾ? ಉಳಿದಿರುವ ಬ್ರ್ಯಾಂಡಿವೈನ್ ಬೀಜ ಎಸೆದುಬಿಡಲಾ?

ಉತ್ತರ: ಬೀಜ ಎಸೆಯಬೇಡಿ. ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಟೊಮೆಟೊ ಬೀಜ ಒಣಗಿ ತಣ್ಣಗಿದ್ದರೆ ಮೂರು ನಾಲ್ಕು ವರ್ಷ ಚೆನ್ನಾಗಿ ಮೊಳೆಯುತ್ತದೆ. ಅದರ ಸರದಿ ಬರುತ್ತದೆ, ಕೊನೆಗೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ತಳಿಯ ಹೆಸರಿನ ಮೇಲಲ್ಲ, ಫೆಬ್ರುವರಿ ಅನ್ನುವ ಪದದ ಮೇಲೆ. ಫೆಬ್ರುವರಿಯಲ್ಲಿ ಬೀಜ ಹಾಕಿದರೆ ಗಿಡ ಹೂ ಬಿಡುವುದು ಏಪ್ರಿಲ್‌ನಲ್ಲಿ. ಆಗ ಬೆಂಗಳೂರಲ್ಲಿ ಹಗಲು 34 ಡಿಗ್ರಿ ಆಸುಪಾಸು, ರಾತ್ರಿ 22. ತಾರಸಿಯ ಕಾಂಕ್ರೀಟ್ ಮೇಲೆ ಇನ್ನೂ ಜಾಸ್ತಿ. ಟೊಮೆಟೊ ಹೂ ಕಾಯಿ ಕಚ್ಚುವುದಕ್ಕೆ ರಾತ್ರಿ 15ರಿಂದ 20 ಡಿಗ್ರಿ ಇರಬೇಕು. ಹಗಲಿನ ಬಿಸಿಯನ್ನು ಗಿಡ ಸ್ವಲ್ಪ ತಡೆದುಕೊಳ್ಳುತ್ತದೆ, ರಾತ್ರಿಯ ಸೆಕೆಯನ್ನು ತಡೆಯುವುದಿಲ್ಲ. ಪರಾಗ ಬಲ ಕಳೆದುಕೊಳ್ಳುತ್ತದೆ, ಹೂ ಉದುರುತ್ತದೆ. ನೀವು ನೋಡಿರಬಹುದು: ಹೂವಿನ ತೊಟ್ಟಿನ ನಡುವೆ ಬೆರಳಿನ ಗೆಣ್ಣಿನ ಹಾಗೆ ಒಂದು ಗಂಟು ಇರುತ್ತದೆ. ಕಾಯಿ ಕಚ್ಚದಿದ್ದರೆ ಮೊದಲು ಆ ಗಂಟು ಹಳದಿಯಾಗುತ್ತದೆ. ಮಾರನೇ ದಿನ ಬೆರಳು ತಾಗಿಸಿದರೆ ಸಾಕು, ಅಲ್ಲಿಂದಲೇ ಮುರಿದು ಬೀಳುತ್ತದೆ. ಇದು ಗೊಬ್ಬರ ಕಮ್ಮಿಯಾಗಿದ್ದಕ್ಕಲ್ಲ. ಆ ಹೊತ್ತಿಗೆ ಗೊಬ್ಬರ ಸುರಿದರೆ ಎಲೆ ಮಾತ್ರ ಜಾಸ್ತಿಯಾಗುತ್ತದೆ.

ಎಲೆ ಮುದುಡಿದ್ದು ಬೇರೆ ಕಾಯಿಲೆ. ಅದು ವೈರಸ್. ಕೋಲಾರದ ಕಡೆ ಬಿಂಗಿ ರೋಗ ಅನ್ನುತ್ತಾರೆ, ಇನ್ನು ಕೆಲವರು ಎಲೆ ಮುಟುರು ಅನ್ನುತ್ತಾರೆ. ಬಿಳಿ ನೊಣ ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ಕುಳಿತಾಗ ಹರಡುತ್ತದೆ. ಬೇಸಿಗೆಯಲ್ಲಿ ಬಿಳಿ ನೊಣ ವಿಪರೀತ. ನಿಮ್ಮ ಬ್ರ್ಯಾಂಡಿವೈನ್ ಹುಟ್ಟಿ ಬೆಳೆದ ಊರಲ್ಲಿ ಈ ವೈರಸ್ಸಿನ ಕಾಟ ಇರಲಿಲ್ಲ. ಅದಕ್ಕೆ ಇದನ್ನು ತಡೆಯುವ ಶಕ್ತಿ ಇಲ್ಲ. ಒಮ್ಮೆ ಬಂದ ಮೇಲೆ ಔಷಧಿಯೂ ಇಲ್ಲ. ಚಿಕ್ಕ ಗಿಡಕ್ಕೆ ಬಂದರೆ ಕಿತ್ತು ಹಾಕುವುದೊಂದೇ ದಾರಿ.

ಹಾಗಾಗಿ ಯಾವ ತಳಿ ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು, ಯಾವ ತಿಂಗಳು ಅಂತ. ತಿಂಗಳು ಸರಿ ಇದ್ದರೆ ಸಾಧಾರಣ ತಳಿಯೂ ಬುಟ್ಟಿ ತುಂಬಿಸುತ್ತದೆ.

ಈಗಲೇ ಹಾಕಬಹುದಾ ಅಂದಿರಿ. ಹಾಕಿದರೆ ಬರುವುದಿಲ್ಲ ಅಂತಲ್ಲ. ಆದರೆ ಜೂನ್‌ನಲ್ಲಿ ಹಾಕಿದ ಗಿಡ ಆಗಸ್ಟ್ ಸೆಪ್ಟೆಂಬರಿನ ಮಳೆಯಲ್ಲಿ ಕಾಯಿ ಹೊತ್ತು ನಿಲ್ಲಬೇಕು. ಮೋಡ, ಜಿಟಿಜಿಟಿ ಮಳೆ, ಎಲೆ ಮೇಲೆ ದಿನವಿಡೀ ನೀರು: ಅಂಗಮಾರಿ ರೋಗಕ್ಕೆ ಇಷ್ಟು ಸಾಕು. ಸಂಜೆ ಕಂಡ ಕಪ್ಪು ಮಚ್ಚೆ ಮೂರು ದಿನದಲ್ಲಿ ಇಡೀ ಗಿಡವನ್ನು ಸುಟ್ಟ ಹಾಗೆ ಮಾಡಿಬಿಡುತ್ತದೆ. ತಾರಸಿಗೆ ಪಾರದರ್ಶಕ ಶೀಟ್ ಹಾಕಿದವರು ಹಾಕಲಿ. ನೀವು ಕಾಯಿರಿ.

ಬೆಂಗಳೂರು, ಮೈಸೂರು, ತುಮಕೂರು ಈ ಕಡೆಯವರಿಗೆ ನಾನು ಹೇಳುವ ಲೆಕ್ಕ ಸುಲಭ. ಗೌರಿ ಗಣೇಶ ಹಬ್ಬಕ್ಕೆ ಬೀಜ ಹಾಕಿ. ನವರಾತ್ರಿ ಶುರುವಾಗುವ ಹೊತ್ತಿಗೆ ಸಸಿಗೆ 25ರಿಂದ 27 ದಿನ ಆಗಿರುತ್ತದೆ, ಬ್ಯಾಗಿಗೆ ದಾಟಿಸಿ. ಅಲ್ಲಿಂದ 60 70 ದಿನಕ್ಕೆ ಮೊದಲ ಹಣ್ಣು. ಸಂಕ್ರಾಂತಿಗೆ ಗಿಡದ ತುಂಬ ಹಣ್ಣಿರುತ್ತದೆ. ಕಾಯಿ ಕಚ್ಚುವ ನವೆಂಬರ್, ಡಿಸೆಂಬರಿನಲ್ಲಿ ನಮ್ಮ ರಾತ್ರಿಗಳು 16, 18 ಡಿಗ್ರಿಯ ಹತ್ತಿರ ಇರುತ್ತವೆ. ಟೊಮೆಟೊಗೆ ಬೇಕಾದ್ದು ಅದೇ. ಹಣ್ಣಿನ ಬಣ್ಣವೂ ಆಗ ಚೆಂದ. ಕೆಂಪು ಬಣ್ಣ ಕೂಡುವುದು 20ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ, 30 ದಾಟಿದರೆ ಹಣ್ಣು ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ. ಬೇಸಿಗೆಯ ಟೊಮೆಟೊ ಹೆಗಲ ಹತ್ತಿರ ಹಳದಿ ಇರುವುದು ಅದಕ್ಕೇ. ಕಲಬುರಗಿ, ರಾಯಚೂರಿನವರೂ ಇದೇ ಕಾಲ ಹಿಡಿದುಕೊಳ್ಳುವುದು ಒಳ್ಳೆಯದು, ಅಲ್ಲಿಯ ಬೇಸಿಗೆಯಲ್ಲಂತೂ ಮನೆಗಿಡದಲ್ಲಿ ಕಾಯಿ ಕಾಣುವುದು ಕಷ್ಟ.

ಈಗ ತಳಿಗೆ ಬರೋಣ.

ನಮ್ಮ ಅಂಗಡಿಯ ಟೊಮೆಟೊ ಯಾರಿಗಾಗಿ ತಯಾರಾದದ್ದು ಅಂತ ಒಂದು ಸಲ ಯೋಚಿಸಿ. ಕೋಲಾರದ ಮಂಡಿಯಲ್ಲಿ 15 ಕೆಜಿಯ ಬಾಕ್ಸ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಲ್ಲಿಂದ ಲಾರಿ ಹತ್ತಿ ದಿಲ್ಲಿ, ಕೋಲ್ಕತ್ತಾ ಅಂತ ಹೋಗಬೇಕು. ಕೆಳಗಿನ ಬಾಕ್ಸಿನ ಹಣ್ಣು ಮೇಲಿನ ಭಾರ ತಡೆಯಬೇಕು, ವಾರ ಕಳೆದರೂ ಗಟ್ಟಿ ಇರಬೇಕು. ರೈತರಿಗೆ ಅದು ಬೇಕೇ ಬೇಕು, ಅದರಲ್ಲಿ ತಪ್ಪೇನಿಲ್ಲ. ಹಣ್ಣು ಒಡೆದರೆ ಅವರ ದುಡ್ಡು ಹೋಯಿತು. ಆದರೆ ನಿಮ್ಮ ಗಿಡದ ಹಣ್ಣು ಹೋಗಬೇಕಾದ ದಾರಿ ತಾರಸಿಯಿಂದ ಅಡುಗೆ ಮನೆವರೆಗೆ, ಇಪ್ಪತ್ತು ಮೆಟ್ಟಿಲು. ತೆಳು ಸಿಪ್ಪೆ, ತುಂಬ ರಸ, ಕೈಯಲ್ಲಿ ಹಿಡಿದರೆ ಮೆತ್ತಗೆ ಅನ್ನಿಸುವ ಹಣ್ಣು ನಿಮಗೆ ನಡೆಯುತ್ತದೆ. ಅಂಗಡಿಯಲ್ಲಿ ಸಿಗದ ಸುಖ ಅದು. 2023ರ ಜುಲೈನಲ್ಲಿ ಕೆಜಿಗೆ 100 ರೂಪಾಯಿ ದಾಟಿದಾಗ ತುಂಬಾ ಜನ ತಾರಸಿಯಲ್ಲಿ ಟೊಮೆಟೊ ಶುರು ಮಾಡಿದರು. ದುಡ್ಡು ಉಳಿಸಲು ಶುರು ಮಾಡಿದವರಲ್ಲಿ ಈಗಲೂ ಬೆಳೆಯುತ್ತಿರುವವರು ರುಚಿ ಹತ್ತಿದವರು.

ಹಸಿರು ಹೆಗಲಿನ ವಿಷಯ ಇಲ್ಲೇ ಹೇಳಬೇಕು, ಯಾಕೆಂದರೆ ತಳಿ ಆರಿಸುವಾಗ ನಾನು ಅದನ್ನು ನೋಡುತ್ತೇನೆ. ಕೆಲವು ತಳಿಗಳಲ್ಲಿ ಕಾಯಿ ಬಲಿಯುವಾಗ ತೊಟ್ಟಿನ ಸುತ್ತ ಕಡು ಹಸಿರು ಪಟ್ಟೆ ಇರುತ್ತದೆ, ಕೆಳಗಿನ ಭಾಗ ತಿಳಿ ಹಸಿರು. ಹೊಸ ಕಾಲದ ಬಹಳಷ್ಟು ತಳಿಗಳಲ್ಲಿ ಇಡೀ ಕಾಯಿ ಒಂದೇ ಥರ ತಿಳಿ ಹಸಿರು, ಹಣ್ಣಾದಾಗಲೂ ಎಲ್ಲ ಕಡೆ ಒಂದೇ ಕೆಂಪು. ನೋಡಲು ಚೆಂದ, ಯಾವಾಗ ಕೀಳಬೇಕು ಅಂತ ತಿಳಿಯುವುದೂ ಸುಲಭ. ದಶಕಗಟ್ಟಲೆ ಇಂಥದ್ದನ್ನೇ ಆರಿಸಿ ಆರಿಸಿ ಬೆಳೆಸಿದರು. 2012ರಲ್ಲಿ ವಿಜ್ಞಾನಿಗಳ ಒಂದು ತಂಡ ಸೈನ್ಸ್ ಪತ್ರಿಕೆಯಲ್ಲಿ ಇದರ ಹಿಂದಿನ ಗುಟ್ಟು ಬಿಡಿಸಿಟ್ಟಿತು. ಆ ಕಡು ಹಸಿರು ಬರಿಸುವ ಜೀನ್ ಇಂಥ ತಳಿಗಳಲ್ಲಿ ಕೆಟ್ಟಿದೆ. ಹಸಿರು ಕಮ್ಮಿಯಾದರೆ ಕಾಯಿ ತಾನೇ ಬಿಸಿಲಿನಿಂದ ಮಾಡಿಕೊಳ್ಳುವ ಸಕ್ಕರೆಯೂ ಕಮ್ಮಿ. ಹಣ್ಣಿನ ಸಿಹಿಯೆಲ್ಲ ಅಲ್ಲಿಂದಲೇ ಬರುವುದಿಲ್ಲ, ಹೆಚ್ಚಿನ ಪಾಲು ಎಲೆಯಿಂದ ಬರುತ್ತದೆ. ಆದರೂ ಆ ಸ್ವಲ್ಪ ನಾಲಿಗೆಗೆ ಗೊತ್ತಾಗುತ್ತದೆ.

ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಳೆಯ ತಳಿಗಳಲ್ಲಿ ಈ ಹಸಿರು ಹೆಗಲು ಇನ್ನೂ ಉಳಿದಿದೆ. ಅರ್ಕಾ ವಿಕಾಸ್, ಅರ್ಕಾ ಮೇಘಾಲಿ ಆ ಪೈಕಿ. ನಿಮ್ಮ ಸಾರಿನ ಟೊಮೆಟೊ ನನ್ನ ಮಟ್ಟಿಗೆ ಅರ್ಕಾ ವಿಕಾಸ್. ಒಂದು ಹಣ್ಣು 80ರಿಂದ 90 ಗ್ರಾಂ, ಮೇಲೆ ಕೆಳಗೆ ಸ್ವಲ್ಪ ಒತ್ತಿದ ಹಾಗೆ ಚಪ್ಪಟೆ ಗುಂಡು. ಅಡ್ಡಕ್ಕೆ ಕೊಯ್ದು ನೋಡಿ. ಒಳಗಿನ ಖಾನೆಗಳಲ್ಲಿ ಬೀಜದ ಸುತ್ತ ಲೋಳೆ ತುಂಬಿರುತ್ತದೆ. ಟೊಮೆಟೊದ ಹುಳಿ ಇರುವುದು ಹೆಚ್ಚಾಗಿ ಆ ಲೋಳೆಯಲ್ಲಿ. ಲೋಳೆ ಕಮ್ಮಿ, ಗೋಡೆ ದಪ್ಪ ಇರುವ ಉದ್ದುದ್ದ ಹಣ್ಣಿನಲ್ಲಿ ಸಾರು ಮಾಡಿದರೆ ಹುಣಸೆಹಣ್ಣು ಜಾಸ್ತಿ ಹಾಕಬೇಕಾಗುವುದು ಅದಕ್ಕೇ, ಅಲ್ವಾ? ಅಂಥದ್ದು ಪಲ್ಯಕ್ಕೆ, ಸಾಸ್‌ಗೆ ಸರಿ. ನಿಮ್ಮ ಅಡುಗೆಗೆ ಲೋಳೆ ಇರುವ ಚಪ್ಪಟೆ ಹಣ್ಣು.

ಇನ್ನೂ ಹುಳಿ ಬೇಕು ಅಂದರೆ ದಿಲ್ಲಿಯ ಪೂಸಾ ಸಂಸ್ಥೆಯ ಪೂಸಾ ರೂಬಿ ಇದೆ. ಹಳೆ ತಳಿ, ಹಣ್ಣಿನ ಮೇಲೆ ಸಣ್ಣ ಗೀರು ಗೀರಾದ ಉಬ್ಬು, ಬೇಗ ಕೊಯ್ಲಿಗೆ ಬರುತ್ತದೆ. ರೋಗ ತಡೆಯುವ ಶಕ್ತಿ ಮಾತ್ರ ಇಲ್ಲ. ಚಳಿಗಾಲಕ್ಕೆ ಒಂದೆರಡು ಗಿಡ ಸಾಕು. ವಾರದ ಕೊನೆಗೆ ಊರಿಗೆ ಹೋಗಿ ನೀರು ತಪ್ಪಿಸುವ ಅಭ್ಯಾಸ ಇದ್ದರೆ ಅರ್ಕಾ ಮೇಘಾಲಿ ನೋಡಿ. ಮಳೆಯಾಶ್ರಯದ ಹೊಲಕ್ಕೆ ಅಂತಲೇ ಮಾಡಿದ್ದು, ಹಣ್ಣು ಸ್ವಲ್ಪ ಚಿಕ್ಕದು, 65 ಗ್ರಾಂ.

ನಾಟಿ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ಬೆಂಗಳೂರಲ್ಲಿ ನಾಟಿ, ಹುಬ್ಬಳ್ಳಿ ಕಡೆ ಜವಾರಿ. ಕೇಳಿದರೆ ಅಜ್ಜಿಯ ಕಾಲದಿಂದ ಬಂದ ಬೀಜ ಅನ್ನಿಸುತ್ತದೆ. ಆದರೆ ಈಗ ಮಾರುಕಟ್ಟೆಗೆ ಬರುವ ನಾಟಿಯಲ್ಲೂ ಹೈಬ್ರಿಡ್ ಇದೆ. ಚಪ್ಪಟೆ ಗುಂಡು, ಹುಳಿ ಜಾಸ್ತಿ, ಹೀಗೆ ನಾಟಿಯ ಗುಣ ಇರುವ ಹೈಬ್ರಿಡ್ ಬೀಜವನ್ನೇ ಕಂಪನಿಗಳು ಮಾರುತ್ತವೆ. ನೀವು ಹಿಂಡಿ ಹಾಕಿದ್ದು ಅಂಥದ್ದೇ ಇರಬೇಕು. ಹೈಬ್ರಿಡ್ ಅಂದರೆ ಎರಡು ಬೇರೆ ಬೇರೆ ಶುದ್ಧ ತಳಿಯನ್ನು ಕೂಡಿಸಿದ ಮೊದಲ ತಲೆಮಾರು. ಅದರಲ್ಲಿ ಎಲ್ಲ ಗಿಡವೂ ಒಂದೇ ಥರ. ಅದರ ಬೀಜ ಹಾಕಿದರೆ ಎರಡನೇ ತಲೆಮಾರಿನಲ್ಲಿ ಗುಣಗಳು ಹಂಚಿಹೋಗುತ್ತವೆ. ಒಂದಕ್ಕೆ ತಾತನ ಮೂಗು, ಒಂದಕ್ಕೆ ಅಜ್ಜಿಯ ಬಣ್ಣ. ಹಾಗಾಗಿ ನಿಮಗೆ ಒಂದೊಂದು ಥರ ಕಾಯಿ ಬಂತು. ಬೀಜದಲ್ಲಿ ಮೋಸ ಏನೂ ಇಲ್ಲ. ಆ ಗಿಡಗಳಲ್ಲಿ ಒಂದರ ಹಣ್ಣು ನಿಮಗೆ ಬಹಳ ಇಷ್ಟವಾಗಿದ್ದರೆ ಅದರ ಬೀಜ ಇಟ್ಟು, ಮುಂದಿನ ಸಲ ಅದರಲ್ಲೇ ಒಳ್ಳೆಯದನ್ನು ಆರಿಸಿ, ಹೀಗೆ ಆರೇಳು ಸಲ ಮಾಡಿದರೆ ನಿಮ್ಮದೇ ಒಂದು ತಳಿ ನಿಲ್ಲುತ್ತದೆ. ತಾಳ್ಮೆ ಬೇಕು. ನಾನು ಈ ಕೆಲಸ ಮಾಡಿದವರನ್ನು ನೋಡಿದ್ದೇನೆ, ಅವರ ಮುಖದ ಖುಷಿಯೇ ಬೇರೆ.

ಬೀಜ ಉಳಿಸುವ ಆಸೆ ಇದ್ದರೆ ಅರ್ಕಾ ವಿಕಾಸ್‌ನಂಥ, ಹೈಬ್ರಿಡ್ ಅಲ್ಲದ ಸಾದಾ ತಳಿಯಲ್ಲಿ ಮಾಡಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಒಟ್ಟಿಗಿರುತ್ತದೆ, ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹಾಗಾಗಿ ಪಕ್ಕದ ಬ್ಯಾಗಿನಲ್ಲಿ ಬೇರೆ ತಳಿ ಇದ್ದರೂ ಬೆರಕೆ ಆಗುವುದು ಕಮ್ಮಿ. ಚೆನ್ನಾಗಿ ಕಳಿತ ಹಣ್ಣಿನ ಲೋಳೆ ಬೀಜ ಎರಡನ್ನೂ ಲೋಟಕ್ಕೆ ಹಿಂಡಿ ಎರಡು ದಿನ ಮುಚ್ಚಿಡಿ. ಮೇಲೆ ಬಿಳಿ ಕೆನೆ ಕಟ್ಟಿ ಹುಳಿ ವಾಸನೆ ಬರುತ್ತದೆ. ಆಗ ನೀರು ಹಾಕಿ ಕಲಕಿದರೆ ಒಳ್ಳೆ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ತೇಲುತ್ತದೆ. ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಬೇಡ, ಅಂಟಿಕೊಂಡುಬಿಡುತ್ತದೆ.

ಹೈಬ್ರಿಡ್ ಅಂದರೆ ಮುಖ ತಿರುಗಿಸುವವರು ಇದ್ದಾರೆ. ನಾನು ಆ ಪೈಕಿ ಅಲ್ಲ. ಹೆಸರಘಟ್ಟದ ಸಂಸ್ಥೆಯದೇ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಎರಡೂ ಹೈಬ್ರಿಡ್. ಎಲೆ ಮುಟುರು, ಗಿಡ ಹಸಿರಾಗಿರುವಾಗಲೇ ಜೋತುಬೀಳುವ ಸೊರಗು ರೋಗ, ಎಲೆಯಲ್ಲಿ ಬಳೆ ಬಳೆ ಮಚ್ಚೆ ಮಾಡುವ ಅಂಗಮಾರಿ, ಈ ಮೂರನ್ನೂ ತಡೆಯುವಂತೆ ಮಾಡಿದ ತಳಿಗಳು. ಔಷಧಿ ಹೊಡೆಯದೆ ಬೆಳೆಯಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲ. ಹಣ್ಣು 90ರಿಂದ 100 ಗ್ರಾಂ, ಗಟ್ಟಿ, ಹುಳಿ ಹದವಾಗಿರುತ್ತದೆ. ಚಿಕ್ಕಬಳ್ಳಾಪುರದ ರೈತರೊಬ್ಬರು ಅರ್ಕಾ ರಕ್ಷಕ್‌ನಲ್ಲಿ ಗಿಡಕ್ಕೆ 19 ಕೆಜಿ ತೆಗೆದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅದು ನೆಲದಲ್ಲಿ, ಪೂರ್ತಿ ಆರೈಕೆಯಲ್ಲಿ. ನಿಮ್ಮ ಬ್ಯಾಗಿನಲ್ಲಿ ಎರಡು ಮೂರು ಕೆಜಿ ಬಂದರೆ ಚೆನ್ನಾಗಿ ಬಂತು ಅಂತಲೇ ಲೆಕ್ಕ.

ಮುಟುರು ತಡೆಯುವ ಸಾದಾ ತಳಿ, ಅಂದರೆ ಬೀಜ ಉಳಿಸಬಹುದಾದದ್ದು ಬೇಕು ಅಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ವೈಭವ್, ಸಂಕ್ರಾಂತಿ ಇವೆ. ಆ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲಿ ಬೀಜ ಇದೆಯಾ ವಿಚಾರಿಸಿ. ಸಿಕ್ಕರೆ ಬಿಡಬೇಡಿ. ಬೇಸಿಗೆಯಲ್ಲೂ ಟೊಮೆಟೊ ಬೇಕೇ ಬೇಕು ಅನ್ನುವವರು ಇಂಥದ್ದನ್ನೇ ಹಾಕಬೇಕು. ತಡೆಯುತ್ತದೆ ಅಂದರೆ ರೋಗ ಹತ್ತಿರ ಸುಳಿಯುವುದೇ ಇಲ್ಲ ಅಂತ ಅರ್ಥವಲ್ಲ. ಒಂದೆರಡು ಎಲೆ ಮುದುಡಬಹುದು, ಗಿಡ ಮಾತ್ರ ಕಾಯಿ ಬಿಡುತ್ತಾ ಹೋಗುತ್ತದೆ. ಸಸಿ ಇರುವಾಗ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಿ, ಸೊಳ್ಳೆ ಪರದೆಗಿಂತ ಒತ್ತಾದ ನೇಯ್ಗೆ ಇರಬೇಕು. ಮೊದಲ ತಿಂಗಳು ಬಿಳಿ ನೊಣ ಕೂರದಿದ್ದರೆ ಅರ್ಧ ಗೆದ್ದ ಹಾಗೆ.

ಬ್ಯಾಗಿನ ಅಳತೆ ತಳಿಯಷ್ಟೇ ಮುಖ್ಯ. 12 ಇಂಚಿನ ಬ್ಯಾಗಿನಲ್ಲಿ ಹಿಡಿಯುವುದು 20 ಲೀಟರ್ ಚಿಲ್ಲರೆ ಮಣ್ಣು. ಟೊಮೆಟೊದಲ್ಲಿ ಎರಡು ಜಾತಿ. ಒಂದು, ಸ್ವಲ್ಪ ಎತ್ತರ ಬೆಳೆದ ಮೇಲೆ ತುದಿಯಲ್ಲೇ ಹೂಗೊಂಚಲು ಬಿಟ್ಟು ನಿಲ್ಲುವ ಗಿಡ್ಡ ಗಿಡ. ಇನ್ನೊಂದು, ಬಳ್ಳಿಯ ಹಾಗೆ ಬೆಳೆಯುತ್ತಲೇ ಹೋಗುವಂಥದ್ದು. ನಮ್ಮಲ್ಲಿ ಟೊಮೆಟೊಗೆ ಚಪ್ಪರಬದನೆ ಅನ್ನುವ ಹೆಸರೂ ಇದೆಯಲ್ಲ, ಆ ಹೆಸರಿಗೆ ತಕ್ಕದ್ದು ಈ ಎರಡನೆಯದು. ಬ್ರ್ಯಾಂಡಿವೈನ್, ಚೆರೋಕೀ ಪರ್ಪಲ್, ಬಹುಪಾಲು ಚೆರ್ರಿ ಟೊಮೆಟೊ ಎಲ್ಲ ಬಳ್ಳಿ ಜಾತಿ. ಇವಕ್ಕೆ 15 ಇಂಚಿನ ಬ್ಯಾಗ್ ಬೇಕು. ಅಳತೆ ಮೂರೇ ಇಂಚು ಜಾಸ್ತಿ ಅನ್ನಿಸುತ್ತದೆ, ಆದರೆ ಮಣ್ಣು ಎರಡು ಪಟ್ಟು ಹಿಡಿಯುತ್ತದೆ. ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್‌ನಂಥವು ನಡುವಿನ ಎತ್ತರದವು, ನಿಮ್ಮ ಈಗಿನ ಬ್ಯಾಗಿನಲ್ಲೇ ಆಗುತ್ತವೆ. ಒಂದು ಬ್ಯಾಗಿಗೆ ಒಂದೇ ಗಿಡ. ಇನ್ನೊಂದನ್ನೂ ತುರುಕಬೇಕು ಅನ್ನಿಸುತ್ತದೆ, ತುರುಕಬೇಡಿ.

ಬಳ್ಳಿ ಜಾತಿಯಲ್ಲಿ ಎಲೆಯ ಕಂಕುಳಲ್ಲಿ ಬರುವ ಚಿಗುರನ್ನು ಬೆರಳುದ್ದ ಆಗುವ ಮೊದಲೇ ಚಿವುಟಿ, ಒಂದೋ ಎರಡೋ ಕಾಂಡ ಉಳಿಸಿ ದಾರ ಕಟ್ಟಿ ಮೇಲಕ್ಕೆ ಬಿಡಿ. ಗಿಡ್ಡ ಜಾತಿಯಲ್ಲಿ ಚಿವುಟಬೇಡಿ, ಹಣ್ಣು ಬರುವುದು ಆ ಕವಲುಗಳಲ್ಲೇ. ಎಷ್ಟೋ ಜನ ವಿಡಿಯೋ ನೋಡಿಕೊಂಡು ಎಲ್ಲ ಗಿಡಕ್ಕೂ ಚಿವುಟಿ ಬೆಳೆ ಅರ್ಧ ಮಾಡಿಕೊಳ್ಳುತ್ತಾರೆ.

ಮಗಳಿಗೆ ಚೆರ್ರಿ ಟೊಮೆಟೊ ಹಾಕಿ, ಎರಡನೇ ಯೋಚನೆ ಬೇಡ. ಹಣ್ಣು ಚಿಕ್ಕದಾದಷ್ಟೂ ಸಿಹಿ ಒತ್ತಾಗಿರುತ್ತದೆ. ಬಿಸಿಲಿಗೂ ದೊಡ್ಡ ಹಣ್ಣಿನ ತಳಿಗಿಂತ ಚೆನ್ನಾಗಿ ಕಾಯಿ ಕಚ್ಚುತ್ತದೆ. ಹಳದಿ ಬಣ್ಣದ್ದು ಮಕ್ಕಳಿಗೆ ಇಷ್ಟ, ಹುಳಿಯೂ ಕಮ್ಮಿ ಅನ್ನಿಸುತ್ತದೆ. ದುಡ್ಡು ಕೊಟ್ಟು ತರದೆಯೂ ಒಂದು ದಾರಿ ಇದೆ. ಹಳ್ಳಿಗಳಲ್ಲಿ ತಿಪ್ಪೆಯ ಪಕ್ಕ, ಬಚ್ಚಲ ನೀರು ಹೋಗುವ ಕಡೆ ತಾನಾಗೇ ಹುಟ್ಟಿ ಹಬ್ಬುವ ಗೋಲಿ ಗಾತ್ರದ ಟೊಮೆಟೊ ನೋಡಿದ್ದೀರಾ? ಯಾರೂ ನೀರು ಹಾಕುವುದಿಲ್ಲ, ಯಾರೂ ಕೋಲು ಕೊಡುವುದಿಲ್ಲ. ಗೊಂಚಲು ಗೊಂಚಲು ಬಿಡುತ್ತದೆ. ನಮ್ಮೂರಲ್ಲಿ ದನದ ಕೊಟ್ಟಿಗೆಯ ಹಿಂದೆ ಒಂದು ಬಳ್ಳಿ ಇತ್ತು. ಬೇಲಿಯ ಮೇಲೆ ಬಿದ್ದುಕೊಂಡು ವರ್ಷವಿಡೀ ಹಣ್ಣು ಬಿಡುತ್ತಿತ್ತು. ಶಾಲೆಯಿಂದ ಬರುವಾಗ ನಾವು ಮಕ್ಕಳೆಲ್ಲ ಜೇಬು ತುಂಬಿಕೊಳ್ಳುತ್ತಿದ್ದೆವು. ಅಂಥ ಗಿಡ ಕಂಡರೆ ನಾಲ್ಕು ಹಣ್ಣು ಕೇಳಿ ಪಡೆಯಿರಿ. ಆ ನೆಲದಲ್ಲಿ ತಾನೇ ಬದುಕಿ ಉಳಿದ ಬೀಜ ಅದು. ಪುಟ್ಟ ಹಣ್ಣು, ಸಿಪ್ಪೆ ತೆಳು, ಬಾಯಲ್ಲಿ ಪಟ್ ಅಂತ ಒಡೆಯುತ್ತದೆ.

ಇನ್ನು ಪುತ್ತೂರು. ಅಮ್ಮನ ಮನೆಯ ಗಿಡ ಹಸಿರಾಗಿರುವಾಗಲೇ ಜೋತುಬೀಳುತ್ತದೆ ಅಂದಿರಿ. ಅದು ದುಂಡಾಣು ಸೊರಗು ರೋಗ ಇರಬೇಕು. ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ ಬಹಳ ಸಾಮಾನ್ಯ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸೊರಗಿದ ಗಿಡದ ಬುಡದ ಹತ್ತಿರ ಎರಡು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕತ್ತರಿಸಿದ ತುದಿ ಮಾತ್ರ ನೀರಿಗೆ ತಾಗುವಂತೆ ಹಿಡಿಯಿರಿ. ಕೈ ಅಲ್ಲಾಡಿಸಬೇಡಿ. ಐದು ನಿಮಿಷದೊಳಗೆ ಕಾಂಡದಿಂದ ಹಾಲಿನಂಥ ಬಿಳಿ ಎಳೆ ನೂಲಿನ ಹಾಗೆ ಕೆಳಗೆ ಇಳಿದರೆ ಅದೇ ರೋಗ. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಆ ಎಳೆಯಲ್ಲಿರುವುದು ಕೋಟಿಗಟ್ಟಲೆ ದುಂಡಾಣು. ಅವು ಕಾಂಡದ ನೀರಿನ ನಾಳ ಕಟ್ಟಿಬಿಡುತ್ತವೆ. ಗಿಡ ಎಷ್ಟು ನೀರು ಹಾಕಿದರೂ ಬಾಯಾರಿ ಸಾಯುತ್ತದೆ.

ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಜಾಗಕ್ಕೆ ಟೊಮೆಟೊ, ಬದನೆ, ಮೆಣಸು ತಿರುಗಿ ತಿರುಗಿ ಹಾಕಬಾರದು. ತಳಿಯಲ್ಲಿ ಅಮ್ಮನಿಗೆ ಆಯ್ಕೆ ಇದೆ. ಹೆಸರಘಟ್ಟದ ಅರ್ಕಾ ಆಭಾ, ಅರ್ಕಾ ಆಲೋಕ್ ಈ ರೋಗ ತಡೆಯುವ ಸಾದಾ ತಳಿಗಳು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ ಕೂಡ ಅಂಥವೇ. ಪುತ್ತೂರಿನ ಮಳೆ, ಮಣ್ಣು ಕಾಸರಗೋಡಿನ ಹಾಗೇ ಇರುವುದರಿಂದ ನನಗೆ ಅಲ್ಲಿಗೆ ಕೇರಳದ ತಳಿಗಳ ಮೇಲೆ ಒಲವು. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ ಬೀಜ ಹಾಕಲಿ. ಗುಂಡಿಗೆ ಸುಣ್ಣ ಎರಡು ಮೂರು ವಾರ ಮೊದಲೇ ಬೆರೆಸಿಡಲಿ, ನೀರು ನಿಲ್ಲದಂತೆ ಏರು ಮಡಿ ಮಾಡಲಿ.

ಅಷ್ಟಕ್ಕೂ ಜಗ್ಗದಿದ್ದರೆ ಬದನೆಯ ಬೇರಿಗೆ ಟೊಮೆಟೊ ಕಸಿ ಕಟ್ಟಬಹುದು. ಎರಡೂ ಒಂದೇ ಕುಟುಂಬದ ಗಿಡ, ಕೂಡಿಕೊಳ್ಳುತ್ತವೆ. ಆದರೆ ಯಾವ ಬದನೆಯಾದರೂ ಆಗುತ್ತದೆ ಅಂದುಕೊಳ್ಳಬೇಡಿ, ಬದನೆಗೂ ಇದೇ ರೋಗ ಬರುತ್ತದೆ. ಅರ್ಕಾ ನಿಧಿ, ಅರ್ಕಾ ಕೇಶವ್, ಅರ್ಕಾ ನೀಲಕಂಠ್ ಬದನೆಗಳು ಸೊರಗು ರೋಗ ತಡೆಯುತ್ತವೆ, ಆ ಬೇರು ಬೇಕು. ಬದನೆ ನಿಧಾನ ಬೆಳೆಯುವುದರಿಂದ ಅದರ ಬೀಜ ಮೊದಲು ಹಾಕಿ, ಟೊಮೆಟೊ ಒಂದೆರಡು ವಾರ ಬಿಟ್ಟು. ಕಾಂಡ ಎರಡೂ ಒಂದೇ ದಪ್ಪ ಆದಾಗ ಓರೆಯಾಗಿ ಕೊಯ್ದು ಕ್ಲಿಪ್ ಹಾಕಬೇಕು. ನೆಡುವಾಗ ಕಸಿಯ ಗಂಟು ಮಣ್ಣಿಗೆ ತಾಗಬಾರದು. ತಾಗಿದರೆ ಟೊಮೆಟೊ ಅಲ್ಲಿಂದ ತನ್ನದೇ ಬೇರು ಬಿಡುತ್ತದೆ, ಮಾಡಿದ ಕಸಿ ದಂಡ. ಅಡಿಕೆ ತೋಟದ ಕಡೆಯವರಿಗೆ ಕಸಿ ಕೈ ಚೆನ್ನಾಗಿ ಬರುತ್ತದೆ, ಅಮ್ಮನಿಗೆ ಊರಲ್ಲೇ ಯಾರಾದರೂ ಕಟ್ಟಿಕೊಡುತ್ತಾರೆ.

ತಳಿ ಸರಿಯಿದ್ದೂ ಕೆಡುವ ಎರಡು ವಿಷಯ ಹೇಳಿಬಿಡುತ್ತೇನೆ. ಹಣ್ಣಿನ ತಳ ಕಪ್ಪಾಗಿ ಚರ್ಮದ ಹಾಗೆ ಒಳಗೆ ಕುಸಿದರೆ ಅದು ಹುಳು ಅಲ್ಲ, ರೋಗವೂ ಅಲ್ಲ. ಒಂದು ದಿನ ಒಣಗಿಸಿ ಇನ್ನೊಂದು ದಿನ ಬಕೆಟ್ ಸುರಿದರೆ ಕ್ಯಾಲ್ಸಿಯಂ ಕಾಯಿಯ ತುದಿಗೆ ತಲುಪುವುದಿಲ್ಲ. ಬ್ಯಾಗಿನ ಗಿಡಕ್ಕೆ ಇದು ಜಾಸ್ತಿ. ದಿನಾ ಒಂದೇ ಹೊತ್ತಿಗೆ, ಒಂದೇ ಅಳತೆ ನೀರು ಹಾಕಿ, ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ಇನ್ನೊಂದು, ತಾರಸಿಯಲ್ಲಿ ಗಾಳಿ, ಜೇನು ಎರಡೂ ಕಮ್ಮಿ ಇದ್ದರೆ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬಿಸಿಲಿಗೆ ಹಿಡಿದು ನೋಡಿದರೆ ಹಳದಿ ಧೂಳು ಉದುರುವುದು ಕಾಣುತ್ತದೆ. ಅದು ಮಗಳ ಕೆಲಸ ಮಾಡಿ, ಖುಷಿಯಿಂದ ಮಾಡುತ್ತಾಳೆ.

ಹೆಸರಘಟ್ಟದ ಬೀಜ ಸಂಸ್ಥೆಯ ಆವರಣದಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಮಾರುತ್ತಾರೆ. ನಿಮಗೆ ವಿದ್ಯಾರಣ್ಯಪುರದಿಂದ ದೂರವೇನಲ್ಲ. ಒಂದು ಗ್ರಾಂನಲ್ಲಿ ಸುಮಾರು 300 ಬೀಜ ಇರುತ್ತದೆ, ಚಿಕ್ಕ ಪೊಟ್ಟಣ ತಂದು ಅಕ್ಕಪಕ್ಕದವರ ಜೊತೆ ಹಂಚಿಕೊಳ್ಳಿ. ಅಂಗಡಿಯ ಬೀಜ ಗುಲಾಬಿ ಬಣ್ಣದಲ್ಲಿದ್ದರೆ ಅದಕ್ಕೆ ಔಷಧಿ ಲೇಪಿಸಿರುತ್ತಾರೆ, ಮಗಳ ಕೈಗೆ ಕೊಡಬೇಡಿ.

ನಿಮ್ಮ ಎಂಟು ಬ್ಯಾಗ್ ನನ್ನ ಕೈಗೆ ಕೊಟ್ಟರೆ ನಾನು ಹೀಗೆ ಹಂಚುತ್ತೇನೆ. ಮೂರಕ್ಕೆ ಅರ್ಕಾ ವಿಕಾಸ್. ಎರಡಕ್ಕೆ ಅರ್ಕಾ ರಕ್ಷಕ್, ಬೇರೆ ಏನು ಕೆಟ್ಟರೂ ಮನೆಗೆ ಟೊಮೆಟೊ ತಪ್ಪದಿರಲಿ ಅಂತ. ಒಂದಕ್ಕೆ ಪೂಸಾ ರೂಬಿ. ಉಳಿದ ಎರಡು ಬ್ಯಾಗ್‌ನಲ್ಲಿ ಚೆಂಡುಹೂ ಹಾಕಿ. ಹೊಲದಲ್ಲಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ಹಾಕುವ ಪದ್ಧತಿ ಇದೆ. ಕಾಯಿ ಕೊರೆಯುವ ಹುಳದ ಚಿಟ್ಟೆ ಮೊದಲು ಚೆಂಡುಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ಚೆಂಡುಹೂವಿನ ಸಸಿ ಟೊಮೆಟೊಗಿಂತ ಎರಡು ಮೂರು ವಾರ ದೊಡ್ಡದಿರಬೇಕು, ಆಗಲೇ ಎರಡೂ ಒಟ್ಟಿಗೆ ಹೂ ಬಿಡುವುದು.

ಆಮೇಲೆ 15 ಇಂಚಿನ ಎರಡು ಹೊಸ ಬ್ಯಾಗ್ ತನ್ನಿ. ಒಂದು ಮಗಳ ಚೆರ್ರಿಗೆ. ಇನ್ನೊಂದಕ್ಕೆ ನಿಮ್ಮ ಬ್ರ್ಯಾಂಡಿವೈನ್. ಅದು ಬ್ಯಾಗಿಗೆ ದಾಟಿಸಿದ ಮೇಲೆ ಹಣ್ಣಿಗೆ 80 90 ದಿನ ತೆಗೆದುಕೊಳ್ಳುತ್ತದೆ, ಹಾಗಾಗಿ ಮಿಕ್ಕವುಗಳಿಗಿಂತ ಎರಡು ವಾರ ಮೊದಲೇ ಒಳಗಿಟ್ಟು ಸಸಿ ಮಾಡಿ. ಬಲೆ ಹೊದಿಸಿ. ಗಿಡಕ್ಕೆ ಹತ್ತೋ ಹನ್ನೆರಡೋ ಹಣ್ಣು ಬರಬಹುದು, ಅಷ್ಟೇ. ಒಂದೊಂದೂ ಅಂಗೈ ತುಂಬ. ಕಿತ್ತದ್ದನ್ನು ಫ್ರಿಜ್‌ಗೆ ಹಾಕಬೇಡಿ, ತಣ್ಣಗಾದರೆ ಟೊಮೆಟೊದ ಘಮ ಹೋಗುತ್ತದೆ. ಜನವರಿಯ ಒಂದು ಬೆಳಗ್ಗೆ ದಪ್ಪಗೆ ಬಿಲ್ಲೆ ಕೊಯ್ದು, ಉಪ್ಪು ಉದುರಿಸಿ, ಮನೆಯವರೆಲ್ಲ ಕೂತು ತಿನ್ನಿ. ಹೇಗಿತ್ತು ಅಂತ ನನಗೂ ಬರೆಯಿರಿ.